ನಾಟಕದಲ್ಲೇ ಮೂವತ್ತು ವರ್ಷ ನಿಲ್ಲುವುದು ಹೇಗೆ: ಹಂತ ಹಂತದ ಮಾರ್ಗದರ್ಶಿ

ಪ್ರತಿ ವರ್ಷ ಆಗಸ್ಟ್ ಬಂತೆಂದರೆ ನನಗೊಂದು ಫೋನ್ ಬರುತ್ತದೆ. "ಅಣ್ಣಾ, ಸಾಕಾಯ್ತು. ಊರಿಗೆ ಹೋಗ್ತೀನಿ." ಆ ಕಡೆ ಇರುವವರಿಗೆ ಇಪ್ಪತ್ತಾರೋ ಇಪ್ಪತ್ತೆಂಟೋ ವಯಸ್ಸು. ರಂಗಶಿಕ್ಷಣ ಮುಗಿಸಿ ಮೂರು ನಾಲ್ಕು ವರ್ಷ ಆಗಿರುತ್ತದೆ. ನಟನೆ ಚೆನ್ನಾಗಿಯೇ ಇರುತ್ತದೆ. ಕೇಳುತ್ತಾ ಹೋದರೆ ಎಲ್ಲರ ಕಥೆಯೂ ಒಂದೇ. ಏಪ್ರಿಲ್, ಮೇನಲ್ಲಿ ಮಕ್ಕಳ ಶಿಬಿರದ ದುಡ್ಡು ಬಂತು. ಜೂನ್‌ನಲ್ಲಿ ಖರ್ಚಾಯ್ತು. ಜುಲೈನಲ್ಲಿ ಸಾಲ ಆಯ್ತು. ಆಗಸ್ಟ್‌ನಲ್ಲಿ ಬಾಡಿಗೆ ಕಟ್ಟಲು ಆಗಲಿಲ್ಲ.

ಇವರು ಕಷ್ಟಪಟ್ಟಿಲ್ಲ ಅಂತಲ್ಲ. ಕ್ರಮ ತಪ್ಪಿದೆ. ಮೊದಲು ಬೆಂಗಳೂರಿಗೆ ಬರುತ್ತಾರೆ, ಆಮೇಲೆ ತಂಡ ಹುಡುಕುತ್ತಾರೆ, ಕೊನೆಗೆ ದುಡ್ಡಿನ ಲೆಕ್ಕ ಹಾಕುತ್ತಾರೆ. ನಾನೂ ಹೀಗೇ ಮಾಡಿದ್ದೆ. ಲೆಕ್ಕ ಮೊದಲು ಬರಬೇಕು. ಕೆಳಗಿನ ಹಂತಗಳನ್ನು ಅದೇ ಸಾಲಿನಲ್ಲಿ ಮಾಡಿ. ನಾಟಕದವರಿಗೆಂದು ಬರೆದಿದ್ದೇನೆ. ಯಕ್ಷಗಾನ, ಜನಪದ ಹಾಡು, ಗೊಂಬೆಯಾಟದವರಿಗೂ ಬಹುಪಾಲು ಹೊಂದುತ್ತದೆ.

ಕೈಗೆ ಬೇಕಾದ ಸಾಮಾನು

ಜಾಸ್ತಿ ಏನೂ ಬೇಡ. ಒಂದು ದಪ್ಪ ನೋಟ್‌ಬುಕ್, ಗೋಡೆ ಕ್ಯಾಲೆಂಡರ್, ಪ್ಯಾನ್ ಕಾರ್ಡ್, ಪ್ಲಾಸ್ಟಿಕ್ ಹಾಳೆಗಳಿರುವ ಫೈಲು, ನಾಟಕದ ದುಡ್ಡಿಗೆಂದೇ ಒಂದು ಬೇರೆ ಬ್ಯಾಂಕ್ ಖಾತೆ. ಖಾತೆ ಬೇರೆ ಇರಲೇಬೇಕು. ಎಲ್ಲ ದುಡ್ಡೂ ಒಂದೇ ಕಡೆ ಬಿದ್ದರೆ ನಾಟಕದಿಂದ ಎಷ್ಟು ಬಂತು ಅನ್ನುವುದೇ ತಿಳಿಯುವುದಿಲ್ಲ. ಕಾಫಿ, ಪೆಟ್ರೋಲಿಗೆ ಬಳಸುವ ಯುಪಿಐಯನ್ನು ಆ ಖಾತೆಗೆ ಜೋಡಿಸಬೇಡಿ.

ಹಂತ 1: ವರ್ಷದ ಖರ್ಚನ್ನು ಒಂದೇ ಅಂಕಿಯಾಗಿ ಬರೆಯಿರಿ

ತಿಂಗಳ ಲೆಕ್ಕ ನಮಗೆ ಕೆಲಸಕ್ಕೆ ಬರುವುದಿಲ್ಲ, ಏಕೆಂದರೆ ನಮಗೆ ತಿಂಗಳ ಸಂಬಳ ಇಲ್ಲ. ವರ್ಷದ ಲೆಕ್ಕ ಬೇಕು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ನಿಮ್ಮ ಊರಿನ ಅಂಕಿ ಬೇರೆ ಇರುತ್ತದೆ. ಬಾಡಿಗೆ 6,000, ಊಟ 5,500, ಓಡಾಟ 2,000, ಫೋನ್ 500, ಮನೆಗೆ ಕಳಿಸುವುದು 3,000, ಔಷಧಿ ಇತ್ಯಾದಿ 1,000. ಒಟ್ಟು ತಿಂಗಳಿಗೆ 18,000. ವರ್ಷಕ್ಕೆ 2,16,000. ಇದಕ್ಕೆ ವರ್ಷಕ್ಕೊಮ್ಮೆ ಬರುವ ಖರ್ಚು ಸೇರಿಸಿ: ಬೈಕ್ ವಿಮೆ, ಹಬ್ಬ, ಅಕ್ಕನ ಮಗಳ ಮದುವೆ. 14,000 ಅಂದುಕೊಳ್ಳಿ. ಈಗ 2,30,000 ಆಯಿತು.

ಪಕ್ಕದಲ್ಲಿ ಕಳೆದ ವರ್ಷ ಬಂದದ್ದನ್ನು ಬರೆಯಿರಿ. 40 ಪ್ರಯೋಗಕ್ಕೆ ತಲಾ 2,000ದಂತೆ 80,000. ಎರಡು ತಿಂಗಳ ಶಿಬಿರ 50,000. ಮೂರು ಶಾಲೆಗಳ ವಾರ್ಷಿಕೋತ್ಸವ 30,000. ಲೈಟಿನವರ ಜೊತೆ 20 ದಿನ ಕೆಲಸಕ್ಕೆ 30,000. ಒಟ್ಟು 1,90,000. ಕಡಿಮೆ ಬಿದ್ದದ್ದು 40,000.

ಆಗಸ್ಟ್‌ನಲ್ಲಿ ಫೋನ್ ಮಾಡಿಸುವುದು ಈ 40,000. ಜೂನ್‌ನಲ್ಲೇ ಗೊತ್ತಿದ್ದರೆ ಹತ್ತು ಶೋ ಜಾಸ್ತಿ ಹುಡುಕಬಹುದು, ಇಬ್ಬರು ಸೇರಿ ರೂಮು ಮಾಡಬಹುದು, ಇನ್ನೊಂದು ಶಿಬಿರ ಒಪ್ಪಬಹುದು. ಆಗಸ್ಟ್‌ನಲ್ಲಿ ಗೊತ್ತಾದರೆ ಸಾಲ ಒಂದೇ ದಾರಿ.

ಸಾಮಾನ್ಯ ತಪ್ಪು: ಬರುತ್ತದೆ ಅಂತ ಯಾರೋ ಬಾಯಲ್ಲಿ ಹೇಳಿದ ದುಡ್ಡನ್ನು ಆದಾಯಕ್ಕೆ ಸೇರಿಸುವುದು. ಖಾತೆಗೆ ಬಿದ್ದದ್ದನ್ನು ಮಾತ್ರ ಬರೆಯಿರಿ.

ಹಂತ 2: ಹನ್ನೆರಡು ತಿಂಗಳನ್ನು ಬಿಡಿಸಿ ನೋಡಿ

ನಮ್ಮ ವರ್ಷ ಶುರುವಾಗುವುದು ಜೂನ್‌ನಿಂದ. ಕ್ಯಾಲೆಂಡರನ್ನು ಹಾಗೇ ಬಿಡಿಸಿಕೊಳ್ಳಿ.

ಜೂನ್‌ನಿಂದ ಆಗಸ್ಟ್ ಮಳೆ. ಬಯಲಲ್ಲಿ ಆಟ ಇಲ್ಲ, ಶಾಲೆಗಳು ಈಗಷ್ಟೇ ತೆರೆದಿರುತ್ತವೆ. ದುಡ್ಡು ಬರದ, ತಾಲೀಮು ನಡೆಯುವ ಕಾಲ ಇದು. ಸೆಪ್ಟೆಂಬರ್‌ನಿಂದ ನವೆಂಬರ್ ಗಣೇಶೋತ್ಸವ, ದಸರಾ, ರಾಜ್ಯೋತ್ಸವ. ರಾಜ್ಯೋತ್ಸವ ಹೆಸರಿಗೆ ನವೆಂಬರ್ 1, ನಡೆಯುವುದು ತಿಂಗಳು ಪೂರ್ತಿ. ಡಿಸೆಂಬರ್, ಜನವರಿ ಶಾಲಾ ಕಾಲೇಜುಗಳ ವಾರ್ಷಿಕೋತ್ಸವ. ಕಂಪನಿ ನಾಟಕದವರಿಗೆ ಬಾದಾಮಿಯ ಬನಶಂಕರಿ ಜಾತ್ರೆಯ ಕ್ಯಾಂಪು ಕೂಡ ಈ ಸುಮಾರಿಗೇ. ಫೆಬ್ರವರಿ, ಮಾರ್ಚ್ ಊರೂರ ಜಾತ್ರೆ. ಊರಿನ ಹುಡುಗರಿಗೆ ನಾಟಕ ಕಲಿಸುವ ಮೇಷ್ಟ್ರ ಕೆಲಸ ಸಿಗುವುದು ಆಗ. ಏಪ್ರಿಲ್, ಮೇ ಮಕ್ಕಳ ಶಿಬಿರ.

ಇದನ್ನು ನಮಗಿಂತ ಚೆನ್ನಾಗಿ ತಿಳಿದವರು ಕರಾವಳಿಯ ಯಕ್ಷಗಾನ ಕಲಾವಿದರು. ತೆಂಕುತಿಟ್ಟಿನ (ದಕ್ಷಿಣ ಕರಾವಳಿಯ ಶೈಲಿಯ) ಮೇಳಗಳು ಮೇ ಕೊನೆಯಲ್ಲಿ ಪತ್ತನಾಜೆಯ ದಿನ, ಅಂದರೆ ತುಳುನಾಡಿನಲ್ಲಿ ಆಟದ ಕಾಲ ಮುಗಿಯುವ ದಿನ, ಗೆಜ್ಜೆ ಬಿಚ್ಚುತ್ತವೆ. ಮತ್ತೆ ತಿರುಗಾಟ ಶುರುವಾಗುವುದು ನವೆಂಬರ್ ಹೊತ್ತಿಗೆ. ನಡುವಿನ ಮಳೆಗಾಲದಲ್ಲಿ ಹಲವರು ಚಿಕ್ಕಮೇಳ, ಅಂದರೆ ಸಣ್ಣ ತಂಡ, ಕಟ್ಟಿಕೊಂಡು ಸಂಜೆ ಮನೆಮನೆಗೆ ಹೋಗಿ ಆಡಿ ತೋರಿಸುತ್ತಾರೆ. ಇನ್ನು ಕೆಲವರು ತಾಳಮದ್ದಳೆಗೆ ಕೂರುತ್ತಾರೆ. ಕೂತಲ್ಲೇ ಹಾಡು, ಮಾತಿನಲ್ಲಿ ಕತೆ ನಡೆಸುವ ತಾಳಮದ್ದಳೆಗೆ ವೇಷ ಬೇಡ, ಕುಣಿತ ಬೇಡ, ಒಂದು ಸೂರು ಸಾಕು. ಮಳೆ ಬರುತ್ತದೆಂದು ಮೊದಲೇ ಒಪ್ಪಿಕೊಂಡು ಕಟ್ಟಿದ ವ್ಯವಸ್ಥೆ ಅದು. ನಾಟಕದವರು ಇಲ್ಲಿಂದ ಕಲಿಯಬೇಕು. ಮಳೆಗಾಲಕ್ಕೆ ಸೂರಿನಡಿ ಮಾಡುವ ಕೆಲಸ ಯಾವುದು? ಕತೆ ಹೇಳುವುದು, ಅಭಿವಾಚನ (ಕೃತಿಯನ್ನು ಭಾವ ತುಂಬಿ ಓದುವುದು), ಶಿಕ್ಷಕರಿಗೆ ಕಮ್ಮಟ, ಧ್ವನಿ ಕೊಡುವ ಕೆಲಸ. ಒಂದನ್ನಾದರೂ ರೂಢಿ ಮಾಡಿಕೊಳ್ಳಿ.

ರೆಪರ್ಟರಿ, ಅಂದರೆ ಕಲಾವಿದರನ್ನು ಸಂಬಳಕ್ಕೆ ಇಟ್ಟುಕೊಳ್ಳುವ ತಂಡ, ಸೇರುವ ಆಸೆಯಿದ್ದರೆ ಈ ಕ್ಯಾಲೆಂಡರಿನಲ್ಲೇ ಗುರುತು ಹಾಕಿ. ಹೆಗ್ಗೋಡಿನ ನೀನಾಸಂ ತಿರುಗಾಟ 1985ರಿಂದ, ಸಾಣೇಹಳ್ಳಿಯ ಶಿವಸಂಚಾರ 1997ರಿಂದ ನಡೆಯುತ್ತಿವೆ. ಎರಡೂ ತಿಂಗಳುಗಟ್ಟಲೆ ಕೆಲಸ ಕೊಡುತ್ತವೆ. ಮೈಸೂರಲ್ಲದೆ ಧಾರವಾಡ, ಶಿವಮೊಗ್ಗ, ಕಲಬುರಗಿಯಲ್ಲೂ ಸರ್ಕಾರದ ರಂಗಾಯಣಗಳಿವೆ. ಕಲಾವಿದರು ಬೇಕೆಂಬ ಪ್ರಕಟಣೆ ಬಂದ ಮೇಲೆ ಫೋಟೊ, ಪ್ರಮಾಣಪತ್ರ ಹುಡುಕುತ್ತಾ ಕೂತರೆ ಕೊನೆಯ ದಿನ ದಾಟಿಹೋಗುತ್ತದೆ.

ಇನ್ನೊಂದು ಮಾತು. ಬೇಸಿಗೆ ಶಿಬಿರದ ಮಾತುಕತೆ ಬೇಸಿಗೆಯಲ್ಲಿ ನಡೆಯುವುದಿಲ್ಲ. ಒಳ್ಳೆಯ ಶಾಲೆಗಳು ಜನವರಿ, ಫೆಬ್ರವರಿಗೇ ಮಾತಾಡಿ ಮುಗಿಸಿರುತ್ತವೆ. ಮಾರ್ಚ್ ಕೊನೆಗೆ ಕೇಳಿದರೆ ಉಳಿದದ್ದು ಸಿಗುತ್ತದೆ.

ಎಚ್ಚರಿಕೆಯ ಗುರುತು: ಮುಂದಿನ ಮೂರು ತಿಂಗಳ ಪುಟದಲ್ಲಿ ಒಂದೂ ತಾರೀಖಿಗೆ ಗುರುತು ಬಿದ್ದಿಲ್ಲವೇ? ಇವತ್ತೇ ಹತ್ತು ಜನಕ್ಕೆ ಫೋನ್ ಮಾಡಿ. ನಾಳೆ ಬೇಡ.

ಹಂತ 3: ರಂಗದ ಹಿಂದಿನ ಒಂದು ಕೆಲಸವನ್ನು ಪೂರ್ತಿ ಕಲಿಯಿರಿ

ನಟನೆ ಒಂದರಿಂದಲೇ ದೀರ್ಘಕಾಲ ಬದುಕಿದವರು ನನ್ನ ಸುತ್ತ ಬಹಳ ಕಡಿಮೆ. ನಿಂತವರೆಲ್ಲ ನಟನೆಯ ಜೊತೆ ಇನ್ನೊಂದು ಬಲ್ಲವರು. ಬೆಳಕು, ಪ್ರಸಾಧನ, ವಸ್ತ್ರ, ರಂಗಸಜ್ಜಿಕೆ, ಸಂಗೀತ, ಮಕ್ಕಳ ರಂಗಭೂಮಿ. ಬಿ.ವಿ. ಕಾರಂತರು ಬಾಲಕನಾಗಿ ಗುಬ್ಬಿ ಕಂಪನಿ ಸೇರಿದವರು. ಮುಂದೆ ನಿರ್ದೇಶನ, ರಂಗಸಂಗೀತ, ಸಿನಿಮಾ, ಸಂಸ್ಥೆ ಕಟ್ಟುವುದು ಎಲ್ಲವನ್ನೂ ಮಾಡಿದರು. ಅವರಷ್ಟು ಎಲ್ಲರಿಗೂ ಆಗುವುದಿಲ್ಲ. ಒಂದು ಸಾಕು, ಆದರೆ ಅದು ಪೂರ್ತಿ ಬರಬೇಕು.

ಆರಿಸುವಾಗ ಎರಡು ಪ್ರಶ್ನೆ ಕೇಳಿಕೊಳ್ಳಿ. ನಿಮ್ಮ ಜಿಲ್ಲೆಯಲ್ಲಿ ಈ ಕೆಲಸಕ್ಕೆ ಜನ ಕಡಿಮೆ ಇದ್ದಾರಾ? ಐವತ್ತನೇ ವಯಸ್ಸಿನಲ್ಲೂ ಮಾಡಬಹುದಾ? ಭಾರದ ಲೈಟುಗಳನ್ನು ಏಣಿ ಹತ್ತಿ ಕಟ್ಟುವುದು ನಲವತ್ತೈದರ ಮೇಲೆ ಕಷ್ಟ. ಬೆಳಕಿನ ವಿನ್ಯಾಸ ಕೂತು ಮಾಡಬಹುದು. ಎರಡಕ್ಕೂ ಅಷ್ಟು ವ್ಯತ್ಯಾಸ ಇದೆ, ಅಲ್ವಾ?

ಕಲಿಯುವ ಕ್ರಮ ಹೀಗಿರಲಿ. ಮೊದಲ ಎರಡು ನಾಟಕಕ್ಕೆ ಬಲ್ಲವರ ಜೊತೆ ಸಹಾಯಕರಾಗಿ ಹೋಗಿ, ದುಡ್ಡಿನ ಮಾತು ಓಡಾಟದ ಖರ್ಚಿಗೆ ಸೀಮಿತವಾಗಿರಲಿ. ಮೂರನೆಯದಕ್ಕೆ ಸಂಭಾವನೆ ಕೇಳಿ. ಐದನೆಯದನ್ನು ಸ್ವಂತವಾಗಿ ಮಾಡಿ. ಐದಾದರೂ ಸಹಾಯಕರಾಗಿಯೇ ಉಳಿದಿದ್ದರೆ ನಿಮ್ಮನ್ನು ಸುಮ್ನೆ ದುಡಿಸಿಕೊಳ್ಳುತ್ತಿದ್ದಾರೆ ಅಂತ ಅರ್ಥ. ಅಲ್ಲಿಂದ ಹೊರಡಿ.

ಬ್ಯಾಂಕೋ ಶಾಲೆಯೋ, ಬೇರೆ ನೌಕರಿ ಮಾಡುತ್ತಾ ಸಂಜೆ ತಾಲೀಮಿಗೆ ಬರುವುದು ಸೋಲು ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಬೆಂಗಳೂರಿನ ಹವ್ಯಾಸಿ ರಂಗಭೂಮಿ ನಿಂತಿರುವುದೇ ಅಂಥವರ ಮೇಲೆ. ಒಂದನ್ನು ಮಾತ್ರ ನೋಡಿಕೊಳ್ಳಿ: ಆರು ಗಂಟೆಗೆ ನಿಜವಾಗಿ ಬಿಡುವ ಕೆಲಸ ಅದಾಗಿರಬೇಕು.

ಹಂತ 4: ಎರಡು ಚೀಲದಲ್ಲಿ ಹಿಡಿಯುವ ಒಂದು ನಾಟಕ ಮಾಡಿಕೊಳ್ಳಿ

ಬೇರೆಯವರು ಕರೆದಾಗ ಮಾತ್ರ ಬಣ್ಣ ಹಚ್ಚುವವರಿಗೆ ಕರೆ ನಿಂತ ದಿನ ಕೆಲಸವೂ ನಿಲ್ಲುತ್ತದೆ. ನಿಮ್ಮದೇ ಒಂದು ಪ್ರಯೋಗ ಇರಲಿ. ಏಕವ್ಯಕ್ತಿ ಇರಬಹುದು, ಇಬ್ಬರದ್ದು ಇರಬಹುದು.

ಅಳತೆ ಹೇಳುತ್ತೇನೆ. ಅವಧಿ ಒಂದು ಗಂಟೆ, ಹೆಚ್ಚೆಂದರೆ ಒಂದೂಕಾಲು ಗಂಟೆ. ಸಾಮಾನೆಲ್ಲ ಬಸ್ಸಿನಲ್ಲಿ ಒಯ್ಯುವಂತಿರಬೇಕು. ರಂಗಮಂದಿರದಲ್ಲೂ ಆಗಬೇಕು, ಶಾಲೆಯ ಟ್ಯೂಬ್‌ಲೈಟ್ ಹಾಲಿನಲ್ಲೂ ಆಗಬೇಕು. ಕರೆಂಟು ಹೋದರೂ ಮುಂದುವರಿಯುವಂತಿರಬೇಕು. ಅರ್ಧ ಗಂಟೆಯಲ್ಲಿ ಸಜ್ಜಾಗಬೇಕು.

ಶುರು ಮಾಡುವ ಮುಂಚೆ ಹಕ್ಕಿನ ಮಾತು ಮುಗಿಸಿ. ನಮ್ಮ ದೇಶದಲ್ಲಿ ಕೃತಿಸ್ವಾಮ್ಯ ಲೇಖಕರ ಜೀವಮಾನ ಮತ್ತು ಅವರು ತೀರಿಕೊಂಡ ನಂತರ 60 ವರ್ಷ ಇರುತ್ತದೆ. ಕತೆಯೊಂದನ್ನು ರಂಗಕ್ಕೆ ತಂದರೂ ಅನುಮತಿ ಬೇಕು. ಅನುವಾದ ಆಗಿದ್ದರೆ ಅನುವಾದಕರ ಹಕ್ಕೂ ಬೇರೆ ಇದೆ. ಒಂದು ಪುಟದ ಪತ್ರ ಬರೆದು ಸಹಿ ಹಾಕಿಸಿಕೊಳ್ಳಿ. ಹದಿನೈದು ಶೋ ಆದ ಮೇಲೆ ಲೇಖಕರ ಮನೆಯವರು ಬಂದು ನಿಲ್ಲಿಸಿ ಎಂದರೆ ಒಂದು ವರ್ಷದ ಶ್ರಮ ಹೋಗುತ್ತದೆ. ಇದನ್ನು ಕಣ್ಣಾರೆ ನೋಡಿದ್ದೇನೆ.

ಮೊದಲ ಹತ್ತು ಪ್ರಯೋಗ ನಿಮ್ಮ ಜಿಲ್ಲೆಯೊಳಗೇ ಮಾಡಿ. ಬೆಂಗಳೂರಿನ ರಂಗಶಂಕರವೇ ಮೊದಲ ಶೋ ಆಗಬೇಕು ಅಂತ ಕಾಯಬೇಡಿ. ನಾಟಕ ಹದಕ್ಕೆ ಬರುವುದು ಎಂಟು ಹತ್ತು ಊರು ತಿರುಗಿದ ಮೇಲೆಯೇ. ಆಗ ಅಲ್ಲಿಗೆ ಹೋಗಿ.

ಹಂತ 5: ದುಡ್ಡನ್ನು ಮೊದಲೇ ಮಾತಾಡಿ, ಬರೆದು ಕಳಿಸಿ

ಜಾಸ್ತಿ ಜನ ಸೋಲುವುದು ಇಲ್ಲೇ. ನಾಚಿಕೆ ನಮ್ಮ ದೊಡ್ಡ ಶತ್ರು. ಸಂಘಟಕರು ಹೀಗೆ ಶುರು ಮಾಡುತ್ತಾರೆ: "ನಮ್ಮದು ಸಣ್ಣ ಸಂಘ ಸರ್, ನೋಡ್ಕೊಂಡು ಕೊಡ್ತೀವಿ." ನಾವು "ಆಯ್ತು ಸರ್, ನಿಮ್ಮಿಷ್ಟ" ಅಂದುಬಿಡುತ್ತೇವೆ. ಅಲ್ಲಿಗೆ ಮುಗಿಯಿತು.

ಹೀಗೆ ಹೇಳಿ: "ಖಂಡಿತ ಬರ್ತೀವಿ ಸರ್. ನಾವು ಮೂರು ಜನ. ಸಂಭಾವನೆ ಇಷ್ಟು, ಓಡಾಟದ ಖರ್ಚು ಇಷ್ಟು. ಊಟ, ಉಳಿಯೋ ವ್ಯವಸ್ಥೆ ನಿಮ್ಮದು. ನಿಮ್ಮ ಬಜೆಟ್ ಎಷ್ಟಿದೆ ಹೇಳಿ, ಅದಕ್ಕೆ ತಕ್ಕ ಹಾಗೆ ನೋಡೋಣ." ಮರ್ಯಾದೆಗೆ ಧಕ್ಕೆ ಬರುವಂಥದ್ದು ಇದರಲ್ಲಿ ಏನೂ ಇಲ್ಲ. ಶಾಮಿಯಾನದವರೂ ಮೈಕಿನವರೂ ಇದನ್ನೇ ಕೇಳುತ್ತಾರೆ. ಫೋನ್ ಇಟ್ಟ ಹತ್ತು ನಿಮಿಷದಲ್ಲಿ ಅದನ್ನೇ ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಳಿಸಿ: ತಾರೀಖು, ಸಮಯ, ಸ್ಥಳ, ಒಟ್ಟು ಮೊತ್ತ, ಮುಂಗಡ, ಉಳಿದದ್ದು ಯಾವಾಗ, ಊಟ ಮತ್ತು ಉಳಿಯುವ ವ್ಯವಸ್ಥೆ. ಅವರಿಂದ "ಒಪ್ಪಿಗೆ" ಅಂತ ಉತ್ತರ ಬರುವವರೆಗೆ ಬಸ್ ಟಿಕೆಟ್ ಮಾಡಬೇಡಿ.

ನನಗೆ ಒಮ್ಮೆ ಒಂದು ಸಂಸ್ಥೆಯಿಂದ ಹದಿನಾಲ್ಕು ತಿಂಗಳು ದುಡ್ಡು ಬರಲಿಲ್ಲ. ಜೊತೆಯ ಹುಡುಗರಿಗೆ ನನ್ನ ಕೈಯಿಂದ ಕೊಟ್ಟೆ. ಕೇಳಲು ಹೋದಾಗ ಮಾತಾಡಿದವರೇ ಬದಲಾಗಿದ್ದರು. ನನ್ನ ಹತ್ತಿರ ಬರವಣಿಗೆಯಲ್ಲಿ ಒಂದು ಸಾಲೂ ಇರಲಿಲ್ಲ. ಅವತ್ತಿನಿಂದ ಬರೆಯದೆ ಒಂದು ಶೋ ಕೂಡ ಮಾಡಿಲ್ಲ.

ತೆರಿಗೆಯ ವಿಷಯ. ಜನಪದ ಇಲ್ಲವೇ ಶಾಸ್ತ್ರೀಯ ಪ್ರಕಾರದ ಸಂಗೀತ, ನೃತ್ಯ, ನಾಟಕಕ್ಕೆ ಕಲಾವಿದರು ಪಡೆಯುವ ಸಂಭಾವನೆ ಒಂದು ಪ್ರದರ್ಶನಕ್ಕೆ ಒಂದೂವರೆ ಲಕ್ಷ ದಾಟದಿದ್ದರೆ ಜಿಎಸ್‌ಟಿ ವಿನಾಯಿತಿ ಇದೆ. ಸರ್ಕಾರಿ ಇಲಾಖೆಗಳು, ದೊಡ್ಡ ಸಂಸ್ಥೆಗಳು ಟಿಡಿಎಸ್ (ಮೊದಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿದು ಕೊಡುವುದುಂಟು. ನಿಮ್ಮ ಆದಾಯ ತೆರಿಗೆ ಮಿತಿಯೊಳಗಿದ್ದರೆ ರಿಟರ್ನ್ ಸಲ್ಲಿಸಿ ಅದನ್ನು ವಾಪಸ್ ಪಡೆಯಬಹುದು. ಎಷ್ಟೋ ಕಲಾವಿದರು ರಿಟರ್ನ್ ಹಾಕದೆ ಈ ದುಡ್ಡು ಬಿಟ್ಟುಬಿಡುತ್ತಾರೆ. ವರ್ಷಕ್ಕೊಮ್ಮೆ ರಿಟರ್ನ್ ಹಾಕುತ್ತಾ ಬಂದರೆ ಮುಂದೆ ಬ್ಯಾಂಕ್ ಸಾಲ ಕೇಳಿದಾಗ ಆದಾಯದ ದಾಖಲೆಯೂ ಆಗುತ್ತದೆ.

ಉಚಿತವಾಗಿ ಮಾಡಲೇಬಾರದು ಅಂತಲ್ಲ. ವರ್ಷಕ್ಕೆ ಮೂರೋ ನಾಲ್ಕೋ, ಎಲ್ಲಿ ಅಂತ ನೀವೇ ಆರಿಸಿ. ಆ ಸಂಖ್ಯೆ ನೋಟ್‌ಬುಕ್‌ನಲ್ಲಿ ಮೊದಲೇ ಬರೆದಿರಲಿ.

ಹಂತ 6: ಮೊದಲ ದಿನದಿಂದಲೇ ಕಾಗದ ಕೂಡಿಡಿ

ಹಳ್ಳಿಯ ಒಬ್ಬ ಹಿರಿಯ ಕಲಾವಿದರ ಮಾಸಾಶನದ ಅರ್ಜಿಗೆ ನಾನು ಓಡಾಡಿದ್ದೆ. ನಲವತ್ತು ವರ್ಷ ಬಯಲಾಟದಲ್ಲಿ ಕುಣಿದವರು. ಸುತ್ತಲ ಹತ್ತು ಊರಿಗೆ ಅವರ ಹೆಸರು ಗೊತ್ತು. ತೋರಿಸಲು ಇದ್ದದ್ದು ಎರಡು ಕರಪತ್ರ, ಗೆದ್ದಲು ತಿಂದ ಒಂದು ಫೋಟೊ. ಊರವರ ಹೇಳಿಕೆ ಬರೆಸಿ, ಹಳೆಯ ಕರಪತ್ರ ಹುಡುಕಿ ಮುಗಿಸಲು ಒಂದೂವರೆ ವರ್ಷ ಹಿಡಿಯಿತು. ನನಗೆ ತುಂಬ ನೋವಾದ ಕೆಲಸ ಅದು.

ಪ್ರತಿ ಪ್ರಯೋಗಕ್ಕೆ ನಾಲ್ಕು ವಸ್ತು ಎತ್ತಿಡಿ: ನಿಮ್ಮ ಹೆಸರಿರುವ ಆಹ್ವಾನ ಪತ್ರಿಕೆ ಅಥವಾ ಕರಪತ್ರ, ಪತ್ರಿಕೆಯಲ್ಲಿ ಬಂದ ಸುದ್ದಿ (ತಾರೀಖು ಕಾಣುವಂತೆ ಕತ್ತರಿಸಿ), ಸಂಘಟಕರ ಸಹಿಯಿರುವ ಪತ್ರ, ಬ್ಯಾನರ್ ಕಾಣುವಂತೆ ತೆಗೆದ ಒಂದು ಫೋಟೊ. ಎಲ್ಲದರ ಫೋಟೊ ತೆಗೆದು ಇಮೇಲ್‌ನಲ್ಲಿ ನಿಮಗೇ ಕಳಿಸಿಕೊಳ್ಳಿ. ಫೋನ್ ಕಳೆದುಹೋಗುತ್ತದೆ, ಇಮೇಲ್ ಹೋಗುವುದಿಲ್ಲ.

ಇವು ಎಲ್ಲಿ ಬೇಕಾಗುತ್ತವೆ? ಕೇಂದ್ರದ ಸಿಸಿಆರ್‌ಟಿ (ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ) ಮೂಲಕ 18ರಿಂದ 25 ವರ್ಷದ ಯುವ ಕಲಾವಿದರಿಗೆ ತಿಂಗಳಿಗೆ 5,000 ರೂಪಾಯಿಯ ಎರಡು ವರ್ಷದ ವಿದ್ಯಾರ್ಥಿವೇತನ ಇದೆ. 25ರಿಂದ 40ರವರಿಗೆ ಸಂಸ್ಕೃತಿ ಸಚಿವಾಲಯದ ಕಿರಿಯ ಫೆಲೋಶಿಪ್, ತಿಂಗಳಿಗೆ 10,000. 40 ದಾಟಿದವರಿಗೆ ಹಿರಿಯ ಫೆಲೋಶಿಪ್, ತಿಂಗಳಿಗೆ 20,000. ಅರ್ಜಿ ಹಾಕುವ ಮುಂಚೆ ಆ ವರ್ಷದ ಪ್ರಕಟಣೆ ಓದಿ, ನಿಯಮ ಬದಲಾಗಿರಬಹುದು. ರಾಜ್ಯದಲ್ಲಿ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾಸಾಶನಕ್ಕೆ ವಯಸ್ಸು 58 ಆಗಿರಬೇಕು, ಕಲಾಸೇವೆಗೆ ದಾಖಲೆ ಬೇಕು. ಇಪ್ಪತ್ತೈದರಲ್ಲಿ ಇಟ್ಟ ಕರಪತ್ರ ಐವತ್ತೆಂಟರಲ್ಲಿ ಕೆಲಸಕ್ಕೆ ಬರುತ್ತದೆ.

ಸಾಮಾನ್ಯ ತಪ್ಪು: ಮನೆಯವರು ಕರೆಯುವ ಹೆಸರು, ಕರಪತ್ರದ ಹೆಸರು, ಆಧಾರ್ ಹೆಸರು ಮೂರೂ ಬೇರೆ ಇರುವುದು. ಇವತ್ತೇ ಒಂದನ್ನು ಆರಿಸಿ, ಎಲ್ಲ ಕಡೆ ಅದನ್ನೇ ಅಚ್ಚು ಹಾಕಿಸಿ.

ಹಂತ 7: ಗಂಟಲು, ಮಂಡಿ, ನಿದ್ದೆ

ಗಂಟಲು ಕಟ್ಟಿದಾಗ ಪಿಸುದನಿಯಲ್ಲಿ ಮಾತಾಡಬೇಡಿ. ಅದರಿಂದಲೂ ಗಂಟಲಿಗೆ ಶ್ರಮವಾಗುತ್ತದೆ. ಪೂರ್ತಿ ಮೌನವಾಗಿರಿ, ನೀರು ಕುಡಿಯಿರಿ. ದನಿ ಒಡೆದದ್ದು ಮೂರು ವಾರವಾದರೂ ಸರಿಹೋಗದಿದ್ದರೆ ಕಿವಿ, ಮೂಗು, ಗಂಟಲಿನ ವೈದ್ಯರನ್ನು ನೋಡಲೇಬೇಕು. ಕಷಾಯ ಕುಡಿದು ಮುಂದೂಡಬೇಡಿ.

ರಾತ್ರಿ ಶೋ ಮುಗಿಸಿ ನಿದ್ದೆಗಣ್ಣಲ್ಲಿ ಬೈಕ್ ಓಡಿಸುವುದನ್ನು ಇವತ್ತೇ ಬಿಡಿ. ಸಂಘಟಕರಿಗೆ ಕಳಿಸುವ ಬರಹದಲ್ಲಿ ಉಳಿಯುವ ವ್ಯವಸ್ಥೆ ಇರಲಿ ಅಂದದ್ದು ಇದಕ್ಕೇ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಮಾಡಿಸಿಕೊಳ್ಳಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ.

ಹಂತ 8: ವಯಸ್ಸಿನ ಜೊತೆ ಪಾತ್ರ ಬದಲಿಸಿ

ಯಕ್ಷಗಾನದಲ್ಲಿ ಇದಕ್ಕೊಂದು ಏಣಿಯೇ ಇದೆ. ಕೋಡಂಗಿ, ಬಾಲಗೋಪಾಲದಂಥ ಕಲಿಕೆಯ ವೇಷದಿಂದ ಶುರುಮಾಡಿ ಪುಂಡುವೇಷ (ಚುರುಕು ಕುಣಿತದ ಯುವಕರ ಪಾತ್ರ), ಅಲ್ಲಿಂದ ದೊಡ್ಡ ಪಾತ್ರಗಳ ಎರಡನೇ ವೇಷ. ವಯಸ್ಸಾದಂತೆ ಕುಣಿತ ಕಡಿಮೆಯಾಗಿ ಮಾತು ಜಾಸ್ತಿಯಾಗುತ್ತದೆ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಎಂಬತ್ತು ದಾಟಿದ ಮೇಲೂ ವೇಷ ಕಟ್ಟಿದರು. ಕಂಪನಿ ನಾಟಕದಲ್ಲಿ ಏಣಗಿ ಬಾಳಪ್ಪನವರು ಹುಡುಗನಾಗಿದ್ದಾಗ ಸ್ತ್ರೀಪಾತ್ರ ಮಾಡಿದರು, ಮುಂದೆ ಬಸವಣ್ಣನ ಪಾತ್ರಕ್ಕೆ ಹೆಸರಾದರು, ಕಂಪನಿಯನ್ನೂ ನಡೆಸಿದರು.

ಆಧುನಿಕ ನಾಟಕದಲ್ಲಿ ಇಂಥ ಏಣಿ ಇಲ್ಲ. ನಾವೇ ಮಾಡಿಕೊಳ್ಳಬೇಕು. ಐದು ವರ್ಷಕ್ಕೊಮ್ಮೆ ನೋಟ್‌ಬುಕ್‌ನಲ್ಲಿ ಬರೆಯಿರಿ: ಯಾವ ಪಾತ್ರ ಇನ್ನು ಬಿಡಬೇಕು, ಯಾರಿಗೆ ಕೊಡಬೇಕು, ಅದರ ಜಾಗಕ್ಕೆ ಏನು ಬರಬೇಕು. ಮೂವತ್ತೈದರ ಹೊತ್ತಿಗೆ ಕಲಿಸುವ ಅಭ್ಯಾಸ ಇರಲಿ. ಕಲಿಸಲು ಬರುವುದಿಲ್ಲ ಅನ್ನುವವರು ಒಂದು ಮಕ್ಕಳ ಶಿಬಿರದಲ್ಲಿ ಹತ್ತು ದಿನ ಸಹಾಯಕರಾಗಿ ಕೂರಿ.

ಹೆಣ್ಣುಮಕ್ಕಳಿಗೆ ಈ ಹಂತ ಬೇಗ ಬರುತ್ತದೆ, ಮದುವೆ, ಹೆರಿಗೆಯ ಹೊತ್ತಿಗೇ. ಇದನ್ನು ಮುಚ್ಚಿಟ್ಟು ಪ್ರಯೋಜನ ಇಲ್ಲ. ಒಳ್ಳೆಯ ನಟಿಯರು ವಾಪಸ್ ಬಾರದೇ ಹೋದದ್ದನ್ನು ನಾವೆಲ್ಲ ನೋಡಿದ್ದೇವೆ. ಮನೆಯಲ್ಲಿ ಮದುವೆಗೆ ಮೊದಲೇ ಮಾತಾಡಿ. ತಿಂಗಳಿಗೆ ಎಷ್ಟು ರಾತ್ರಿ ಹೊರಗೆ, ಆಗ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ, ಅಂತ ಲೆಕ್ಕದ ಮಾತಾಗಿಯೇ ಆಡಿ. ಬಿಡುವಿನ ವರ್ಷದಲ್ಲೂ ರಂಗದ ಒಂದು ಎಳೆ ಕೈಯಲ್ಲಿರಲಿ. ತಿಂಗಳಿಗೊಂದು ಅಭಿವಾಚನ ಆದರೂ ಸರಿ. ಆರ್. ನಾಗರತ್ನಮ್ಮನವರು 1958ರಲ್ಲಿ ಹೆಂಗಸರೇ ಎಲ್ಲ ಪಾತ್ರ ಮಾಡುವ ಕಂಪನಿ ಕಟ್ಟಿದರು, ತಾವೇ ಗಂಡುಪಾತ್ರಗಳನ್ನು ಮಾಡಿದರು. ಪಾತ್ರ ಸಿಗದಿದ್ದರೆ ಮೂರು ನಾಲ್ಕು ಗೆಳತಿಯರು ಸೇರಿ ಹಂತ 4ಕ್ಕೆ ವಾಪಸ್ ಹೋಗಿ, ಅಲ್ಲಿನ ಅಳತೆಗೆ ಒಂದು ನಾಟಕ ಕಟ್ಟಿ.

ತಂಡದ ನಾಯಕರಿಗೂ ಒಂದು ಮಾತು. ಮಗುವಿರುವ ನಟಿಗೆ ತಾಲೀಮಿನ ಸಮಯ ಸಂಜೆ ಏಳರಿಂದ ಹತ್ತರ ಬದಲು ಬೆಳಿಗ್ಗೆ ಹತ್ತಕ್ಕೆ ಇಟ್ಟು ನೋಡಿ. ನಮ್ಮ ತಂಡದಲ್ಲಿ ಹಾಗೆ ಮಾಡಿದ ವರ್ಷ ಇಬ್ಬರು ವಾಪಸ್ ಬಂದರು. ಅವರಲ್ಲಿ ಒಬ್ಬರ ಮಗು ಈಗಲೂ ತಾಲೀಮಿನ ಕೋಣೆಯ ಮೂಲೆಯಲ್ಲಿ ಕೂತು ಎಲ್ಲರ ಮಾತನ್ನೂ ಬಾಯಿಪಾಠ ಮಾಡುತ್ತದೆ.